ಕಾಲು ತೊಳೆದ ಮೇಲೆ

ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಬೆಲ್ಲ ಮತ್ತು ನೀರು, ಅದಾದ ಮೇಲೆ ಮಾತುಕತೆ. ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಕ್ರಮ ಇದು. ಅಂಗಳದ ಮೂಲೆಯಲ್ಲಿ ನೀರು ತುಂಬಿದ ಹಂಡೆ, ಅದರ ಮೇಲೊಂದು ಚೊಂಬು, ಪಕ್ಕದಲ್ಲಿ ಕಾಲಿಡಲು ಒಂದು ಚಪ್ಪಡಿ ಕಲ್ಲು. ದೂರದಿಂದ ನಡೆದು ಬಂದವನು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ ತೊಳೆದುಕೊಂಡೇ ಜಗಲಿ ಹತ್ತಬೇಕು. ಮದುವೆಯಲ್ಲಿ ಹೆಣ್ಣಿನ ತಂದೆ ವರನ ಕಾಲು ತೊಳೆಯುತ್ತಾನೆ. ಭೀಮನ ಅಮಾವಾಸ್ಯೆಯಂದು ಹೆಂಡತಿ ಗಂಡನ ಪಾದಪೂಜೆ ಮಾಡುತ್ತಾಳೆ. ಹಿರಿಯರನ್ನು ಕಂಡರೆ ನಮ್ಮ ಕೈ ತಾನಾಗಿ ಅವರ ಕಾಲಿನ ಕಡೆಗೆ ಹೋಗುತ್ತದೆ. ದೇಹದ ಈ ಭಾಗಕ್ಕೆ ಇಷ್ಟು ಮರ್ಯಾದೆ ಕೊಟ್ಟ ಸಮಾಜಗಳು ಹೆಚ್ಚಿರಲಾರವು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಮರ್ಯಾದೆಯೆಲ್ಲ ಸಲ್ಲುವುದು ಬೇರೆಯವರ ಕಾಲಿಗೆ. ತನ್ನ ಕಾಲನ್ನು ತಾನೇ ಮಡಿಚಿ ಕೂತು, ಅಂಗಾಲು ತಿರುಗಿಸಿ, ಬೆರಳ ಸಂದಿಗಳನ್ನು ಬಿಡಿಸಿ ನೋಡಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ದಿನಕ್ಕೆ ನಾಲ್ಕು ಬಾರಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರು ಕೂಡ ತಮ್ಮ ಅಂಗಾಲನ್ನು ಕೊನೆಯ ಸಲ ಎಂದು ನೋಡಿಕೊಂಡರೆಂದು ಕೇಳಿದರೆ ತಡವರಿಸುತ್ತಾರೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪಾದದ ಆಕಾರ, ಉಗುರಿನ ಸ್ವಭಾವ, ಎಲ್ಲಿ ಒತ್ತಿದರೆ ಎಲ್ಲಿ ಗಂಟು ಬರುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಕ್ಷೌರ ಮಾಡುವವರು ಮತ್ತು ಚಪ್ಪಲಿ ಹೊಲಿಯುವವರು. ಪಾದಕ್ಕೆ ಪೂಜೆ ಮಾಡಿದ ಊರು ಪಾದವನ್ನು ಬಲ್ಲವರನ್ನು ಮಾತ್ರ ಜಗಲಿಯ ಕೆಳಗೇ ನಿಲ್ಲಿಸಿತು. ಅವರ ತಿಳಿವಳಿಕೆ ಪುಸ್ತಕಕ್ಕೆ ಇಳಿಯದೆ ಉಳಿಯಲು ಇದೂ ಒಂದು ಕಾರಣ.

ಪಾದದ ರಚನೆಯಿಂದಲೇ ಆರಂಭಿಸೋಣ. ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡು ಪಾದ ಸೇರಿದರೆ 52; ಅಂದರೆ ವಯಸ್ಕರ ದೇಹದ 206 ಮೂಳೆಗಳಲ್ಲಿ ಕಾಲು ಭಾಗ ಕಣಕಾಲಿನ ಕೆಳಗೇ ಇದೆ. ಚರ್ಮದ ವಿಷಯದಲ್ಲಿ ಅಂಗಾಲು ದೇಹದ ಉಳಿದ ಭಾಗದಂತಲ್ಲ. ತಲೆ, ಮುಖ, ಬೆನ್ನುಗಳ ಚರ್ಮದಲ್ಲಿ ಎಣ್ಣೆ ಒಸರುವ ಗ್ರಂಥಿಗಳಿವೆ. ಅಂಗೈ ಮತ್ತು ಅಂಗಾಲುಗಳಲ್ಲಿ ಅವು ಇಲ್ಲವೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು, ಅವೂ ಹೇರಳವಾಗಿ. ಹೀಗಾಗಿ ಒಂದೇ ಪಾದದಲ್ಲಿ ಎರಡು ವಿರುದ್ಧ ಹವಾಮಾನ. ಹಿಮ್ಮಡಿ ಬಯಲುಸೀಮೆಯಂತೆ ಒಣಗುತ್ತದೆ, ಬೆರಳ ಸಂದಿ ಮಲೆನಾಡಿನ ಆಷಾಢದಂತೆ ಸದಾ ಒದ್ದೆ. ಒಣಗುವ ಜಾಗಕ್ಕೆ ಎಣ್ಣೆ ಬೇಕು, ಒದ್ದೆಯಾಗುವ ಜಾಗಕ್ಕೆ ಒಣ ಬಟ್ಟೆ ಬೇಕು. ಪಾದದ ಆರೈಕೆಯಲ್ಲಿ ಅರ್ಧ ಇಷ್ಟೇ. ನಮ್ಮಲ್ಲಿ ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ: ಬೆರಳ ಸಂದಿಗೆ ಎಣ್ಣೆ ಸುರಿದು, ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ ಹಾಗೇ ಬಿಡುತ್ತಾರೆ.

ನಮ್ಮ ಹಳೆಯ ವೈದ್ಯರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆ ‘ಕ್ಷುದ್ರರೋಗ’ಗಳೆಂದು ಒಂದು ಗುಂಪು ಮಾಡಿ ಅದರಲ್ಲಿ ಕಾಲಿನ ತೊಂದರೆಗಳಿಗೆ ಬೇರೆಬೇರೆ ಹೆಸರು ಕೊಡುತ್ತದೆ. ಬಹಳ ನಡೆಯುವವರ ಒಣ ಅಂಗಾಲು ಒಡೆದರೆ ಅದು ಪಾದದಾರೀ. ಕೆಟ್ಟ ಕೆಸರು ತಾಗಿ ಬೆರಳ ಸಂದಿ ನವೆ, ಉರಿ, ನೋವಿನಿಂದ ಕೂಡಿದರೆ ಅಲಸ. ಹರಳು ಅಥವಾ ಮುಳ್ಳು ಒತ್ತಿ ಬೋರೆಹಣ್ಣಿನಂಥ ಗಟ್ಟಿ ಗಂಟಾದರೆ ಕದರ, ಅಂದರೆ ನಾವು ಹೇಳುವ ಕಾಲಾಣಿ. ಉಗುರು ಪೆಟ್ಟು ತಿಂದು ಕಪ್ಪಾಗಿ ಒರಟಾದರೆ ಕುನಖ. ಕ್ಷುದ್ರ ಎಂದು ಕರೆದರೂ ಅವನ್ನು ಅಸಡ್ಡೆ ಮಾಡಲಿಲ್ಲ. ಒಡೆದ ಪಾದಕ್ಕೆ ಅಲ್ಲಿ ಹೇಳಿರುವ ಲೇಪದಲ್ಲಿ ಜೇನುಮೇಣ, ಕೊಬ್ಬು, ರಾಳ ಮತ್ತು ತುಪ್ಪ ಸೇರಿವೆ. ಇಂದು ಅಂಗಡಿಯಲ್ಲಿ ಸಿಗುವ ಹಿಮ್ಮಡಿ ಮುಲಾಮಿನ ಮೂಲತತ್ತ್ವವೂ ಅದೇ: ತೇವ ಆರಿಹೋಗದಂತೆ ಮೇಲೊಂದು ಜಿಡ್ಡಿನ ಮುಚ್ಚಳ. ಅಜ್ಜಿಯರು ಕೊಬ್ಬರಿ ಎಣ್ಣೆಗೆ ಜೇನುಮೇಣ ಕರಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದುದು ಇದೇ ದಾರಿಯ ಔಷಧ. ಚರಕ ಸಂಹಿತೆಯಂತೂ ಪಾದಕ್ಕೆ ಎಣ್ಣೆ ತಿಕ್ಕುವುದನ್ನು ದಿನಚರಿಯಲ್ಲೇ ಸೇರಿಸಿ, ಒರಟುತನ, ದಣಿವು, ಜೋಮು, ಒಡಕು ಇವು ಅದರಿಂದ ದೂರವಾಗುತ್ತವೆ ಎನ್ನುತ್ತದೆ. ಪಕ್ಷಕ್ಕೆ ಮೂರು ಸಲ ಉಗುರು ತೆಗೆಯಬೇಕೆಂಬ ಲೆಕ್ಕವೂ ಅದರಲ್ಲಿದೆ. ಕಾಲಿನ ಉಗುರಿಗೆ ಅಷ್ಟು ಅವಸರ ಬೇಕಿಲ್ಲ. ಆ ಮಾತು ಮುಂದೆ ಬರುತ್ತದೆ.

ಹಿಮ್ಮಡಿ ಒಡೆಯುವುದು ನಮ್ಮಲ್ಲಿ ಇಷ್ಟು ಸಾಮಾನ್ಯವಾಗಲು ಕಾರಣ ಚಳಿಗಾಲವೊಂದೇ ಅಲ್ಲ. ಬರಿಗಾಲು ಅಥವಾ ಹಿಂಭಾಗ ತೆರೆದ ಹವಾಯಿ ಚಪ್ಪಲಿ, ಗಟ್ಟಿ ನೆಲದ ಮೇಲೆ ನಿಂತೇ ಮಾಡುವ ಅಡುಗೆ ಕೆಲಸ, ಸದಾ ನೀರಾಡುವ ಬಚ್ಚಲು, ಸೋಪಿನ ಪುಡಿ ಇವೆಲ್ಲ ಸೇರುತ್ತವೆ. ನಿಂತಾಗ ದೇಹದ ಭಾರಕ್ಕೆ ಹಿಮ್ಮಡಿಯ ಮೆತ್ತನೆಯ ಕೊಬ್ಬು ಪಕ್ಕಕ್ಕೆ ಹರಡುತ್ತದೆ. ಮೇಲಿನ ಚರ್ಮ ಮೃದುವಾಗಿದ್ದರೆ ಅದೂ ಹಿಗ್ಗುತ್ತದೆ. ದಪ್ಪಗಟ್ಟಿ ಒಣಗಿದ್ದರೆ ಹಿಗ್ಗಲಾರದೆ ಸೀಳುತ್ತದೆ. ಬೇಸಿಗೆಯಲ್ಲಿ ಕೆರೆಯ ಅಂಗಳದ ಮಣ್ಣು ಬಿರಿಯುವ ಹಾಗೆ.

ಉಪಾಯ ಸುಲಭ, ಆದರೆ ಅನುಕ್ರಮ ತಪ್ಪಬಾರದು. ರಾತ್ರಿ ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟುಕೊಳ್ಳಿ. ಮೆತ್ತಗಾದ ಮೇಲೆ ಬಚ್ಚಲಿನ ಉಜ್ಜುಗಲ್ಲಿನಿಂದ ಹಗುರವಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆದುಬಿಡುವ ಹಟ ಬೇಡ. ದಪ್ಪ ಚರ್ಮ ಬೆಳೆಯಲು ತಿಂಗಳುಗಳು ಹಿಡಿದಿವೆ, ಹೋಗಲು ಎರಡು ಮೂರು ವಾರ ಹಿಡಿಯಲಿ. ಬಟ್ಟೆಯಿಂದ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತುಸು ತೇವ ಇರುವಾಗಲೇ ಹರಳೆಣ್ಣೆ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ಹಳೆಯ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ. ಎಣ್ಣೆ ತಾನಾಗಿ ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ ಅಷ್ಟೆ. ಒಣ ಹಿಮ್ಮಡಿಗೆ ಹಗಲಿನಲ್ಲಿ ಬಳಿದ ಎಣ್ಣೆ ನೆಲಕ್ಕೆ ಮೆತ್ತಿಕೊಂಡು ಯಾರನ್ನಾದರೂ ಜಾರಿಸುವುದಕ್ಕೆ ಮಾತ್ರ ಉಪಯೋಗ. ತೀರ ದಪ್ಪಗಟ್ಟಿದ್ದರೆ ಔಷಧದಂಗಡಿಯಲ್ಲಿ ಸಿಗುವ ಯೂರಿಯಾ ಇರುವ ಮುಲಾಮು ಇವೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಸೀಳಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಅರಿಶಿನದ ವಿಷಯ ಕೇಳುವವರಿದ್ದಾರೆ. ಮುತ್ತೈದೆಯರ ಪಾದಕ್ಕೆ ಅದು ಶೋಭೆ, ಸಂದೇಹವಿಲ್ಲ. ಒಡಕಿಗೆ ಒಣ ಪುಡಿ ತುಂಬಿದರೆ ಮಾತ್ರ ಗಾಯ ಕಾಣದಂತಾಗುತ್ತದೆ.

ಇನ್ನು ಬೆರಳ ಸಂದಿ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಗದ್ದೆಯ ಕೆಸರಿನಲ್ಲಿ ನಿಲ್ಲುವ ಹೆಂಗಸರ ಕಾಲು ನೋಡಿದವರಿಗೆ ಇದು ಗೊತ್ತು: ಸಂದಿಯ ಚರ್ಮ ಬೆಂದಂತೆ ಬಿಳಿಚಿಕೊಂಡು ಸುಲಿದು, ಕಾಲೂರಲಾಗದಷ್ಟು ಉರಿ. ಪೇಟೆಯಲ್ಲಿ ಇದೇ ಕೆಲಸವನ್ನು ಮಳೆಯಲ್ಲಿ ನೆನೆದ ಬೂಟು, ಎರಡು ದಿನ ಹಾಕಿದ ನೈಲಾನ್ ಕಾಲುಚೀಲ ಮಾಡುತ್ತವೆ. ತೇವದಲ್ಲಿ ಬೂಷ್ಟು ಹಿಡಿಯುವುದು ಉಪ್ಪಿನಕಾಯಿ ಜಾಡಿಗೆ ಮಾತ್ರವಲ್ಲ. ಇಲ್ಲಿ ಮನುಸ್ಮೃತಿಯ ಒಂದು ವಿಧಿ ನೆನಪಿಗೆ ಬರುತ್ತದೆ: ಒದ್ದೆ ಕಾಲಿನಲ್ಲಿ ಊಟಕ್ಕೆ ಕೂರಬೇಕು, ಒದ್ದೆ ಕಾಲಿನಲ್ಲಿ ಮಲಗಬಾರದು. ಹೇಳಿದ್ದು ದೀರ್ಘಾಯುಸ್ಸಿನ ಲೆಕ್ಕದಲ್ಲಿ; ಶಿಲೀಂಧ್ರದ ವಿಚಾರ ಆಗ ಯಾರಿಗೂ ಗೊತ್ತಿರಲಿಲ್ಲ. ಮೊದಲರ್ಧವನ್ನು ನಮ್ಮ ಮನೆಗಳು ಚೆನ್ನಾಗಿ ಉಳಿಸಿಕೊಂಡವು, ಎರಡನೆಯದು ಸಡಿಲಾಯಿತು. ಹಂಡೆಯ ಪಕ್ಕ ಚೊಂಬು ಇತ್ತು, ಒರೆಸಲು ಬಟ್ಟೆ ಇರಲಿಲ್ಲ. ಬಚ್ಚಲ ಬಾಗಿಲಲ್ಲಿ ಒಂದು ಗೋಣಿತಾಟು, ಅದೂ ಹಿಂದಿನವರು ತುಳಿದು ಒದ್ದೆಯಾದದ್ದು. ಕಾಲಿಗೆಂದೇ ಬೇರೆ ಒಂದು ಹಳೆಯ ಪಂಚೆಯ ತುಂಡು ಇಟ್ಟುಕೊಂಡು, ಎಂಟು ಸಂದಿಗಳನ್ನೂ ಒಂದೊಂದಾಗಿ ಒರೆಸಿಕೊಂಡರೆ ಅರ್ಧ ನಿಮಿಷವೂ ಹಿಡಿಯದು. ಕಾಲುಂಗುರ ತೊಟ್ಟವರು ಅದನ್ನು ಸರಿಸಿ ಅದರ ಅಡಿಯನ್ನೂ ಒರೆಸಬೇಕು. ಸೋಪಿನ ನೀರು ನಿಲ್ಲುವುದು ಅಲ್ಲೇ.

ಉಗುರಿನ ಬಗ್ಗೆ ನಮ್ಮಲ್ಲಿ ಶಾಸ್ತ್ರಗಳು ಜಾಸ್ತಿ, ವಿವೇಚನೆ ಕಡಿಮೆ. ಮಂಗಳವಾರ ಬೇಡ, ಶುಕ್ರವಾರ ಬೇಡ, ದೀಪ ಹಚ್ಚಿದ ಮೇಲೆ ಬೇಡ, ಕತ್ತರಿಸಿದ ಚೂರು ಮನೆಯೊಳಗೆ ಬೀಳಬಾರದು. ಮಬ್ಬು ಬೆಳಕಿನಲ್ಲಿ ಚೂಪಾದ ಕತ್ತಿ ಹಿಡಿಯುವ ಅಪಾಯಕ್ಕಾಗಿ ಹಾಗೆ ಹೇಳಿದರು ಎಂದು ಈಗಿನವರು ಸಮಜಾಯಿಷಿ ಕೊಡುತ್ತಾರೆ. ದೀಪದ ಮಾತಿಗೆ ಇದು ಒಪ್ಪಬಹುದು, ಶುಕ್ರವಾರಕ್ಕೆ ಒಪ್ಪುವುದಿಲ್ಲ. ಯಾವ ವಾರ ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯ. ಕೈಬೆರಳ ಉಗುರನ್ನು ನಾವು ಬಾಗಿಸಿ, ಬೆರಳ ತುದಿಯ ಆಕಾರಕ್ಕೆ ಕತ್ತರಿಸುತ್ತೇವೆ. ಅದೇ ರೂಢಿಯಲ್ಲಿ ಹೆಬ್ಬೆರಳ ಉಗುರಿನ ಮೂಲೆಗಳನ್ನು ಆಳಕ್ಕೆ ಕೊರೆದರೆ, ಬಿಗಿಯಾದ ಬೂಟಿನ ಒತ್ತಡಕ್ಕೆ ಪಕ್ಕದ ಮಾಂಸ ಆ ಖಾಲಿ ಜಾಗಕ್ಕೆ ಉಬ್ಬುತ್ತದೆ. ಮತ್ತೆ ಬೆಳೆಯುವ ಉಗುರಿನ ಚೂಪು ನೇರವಾಗಿ ಅದರೊಳಗೆ ಹೊಗುತ್ತದೆ. ನೋವು ತಾಳಲಾರದೆ ಮೂಲೆಯನ್ನು ಇನ್ನಷ್ಟು ಆಳಕ್ಕೆ ಕತ್ತರಿಸುತ್ತೇವೆ. ಎರಡು ದಿನ ಹಾಯೆನಿಸುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಕಥೆ. ಕಾಲಿನ ಉಗುರನ್ನು ನೇರವಾಗಿ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಬೇಕು. ಮೂಲೆ ಚುಚ್ಚಿದರೆ ಅರದಿಂದ ಮೊನೆಯನ್ನಷ್ಟೇ ತೀಡಬೇಕು. ಸ್ನಾನದ ನಂತರ ಉಗುರು ಮೆತ್ತಗಿರುತ್ತದೆ, ವಯಸ್ಸಾದವರಿಗೆ ಅದೇ ಒಳ್ಳೆಯ ಹೊತ್ತು.

ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದು ಸುಮಾರು ಅದರರ್ಧ. ಕಲ್ಲಿಗೆ ಎಡವಿ ಹೆಬ್ಬೆರಳ ಉಗುರು ಕಿತ್ತುಹೋದರೆ ಪೂರ್ತಿ ಹೊಸದು ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಉಗುರು ಹಳದಿಗಟ್ಟಿ, ದಪ್ಪವಾಗಿ, ಪುಡಿಪುಡಿಯಾಗಿ ಉದುರತೊಡಗಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ವಾಡಿಕೆ. ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಔಷಧ ಇದೆ, ಆದರೆ ಹೊಸ ಉಗುರು ಬುಡದಿಂದ ತುದಿಗೆ ಬರುವವರೆಗೆ ತಾಳ್ಮೆ ಬೇಕು. ಒಂದು ತಿಂಗಳು ಹಚ್ಚಿ ‘ಗುಣ ಕಾಣಲಿಲ್ಲ’ ಎಂದು ಬಿಡುವವರೇ ಹೆಚ್ಚು. ಮನೆಗೆಲ್ಲ ಒಂದೇ ನೇಲ್ ಕಟರ್ ಇರುವ ಕಡೆ ಅದು ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಉಗುರುಸುತ್ತಿಗೆ ನಿಂಬೆಹಣ್ಣು ಕೊರೆದು ಬೆರಳಿಗೆ ಸಿಕ್ಕಿಸುವುದು ನಮ್ಮ ಪ್ರಸಿದ್ಧ ಮನೆಮದ್ದು. ತಂಪೆನಿಸುವುದು ನಿಜ. ಕೀವು ತುಂಬಿದ ಮೇಲೆ ನಿಂಬೆಹಣ್ಣಿನ ಕೆಲಸ ಮುಗಿಯಿತು, ವೈದ್ಯರ ಹತ್ತಿರ ಹೋಗಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ. ಕಾಲಿಗೆ ನೋವು ಗೊತ್ತಾಗಬೇಕು. ನೀರು ಸುಟ್ಟರೆ ಎಳೆದುಕೊಳ್ಳುವುದು, ಉಜ್ಜಿದ್ದು ಹೆಚ್ಚಾದರೆ ‘ಹಾ’ ಎನ್ನುವುದು, ಚಪ್ಪಲಿಯಲ್ಲಿ ಹರಳು ಸಿಕ್ಕರೆ ನಿಂತು ಒದರುವುದು, ಇವು ನಮಗೆ ಗೊತ್ತಿಲ್ಲದೆಯೇ ನಡೆಯುವ ಆರೈಕೆ. ಅದರ ಬೆಲೆಯನ್ನು ಜಗತ್ತಿಗೆ ತಿಳಿಸಿದ ಕೆಲಸ ನಡೆದದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷ್ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆ ಎಂದು ಆಗ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ಮತ್ತು ಸಂಗಡಿಗರು ದಿನದಿನವೂ ಗಾಯಗಳನ್ನು ಗಮನಿಸುತ್ತ ಹೋದಾಗ ಕಂಡದ್ದು ಬೇರೆ. ರೋಗ ಕೊಂದದ್ದು ನರಗಳನ್ನು, ಸ್ಪರ್ಶವನ್ನು. ಬೆರಳುಗಳನ್ನು ಕಳೆದದ್ದು ದಿನನಿತ್ಯದ ಸುಟ್ಟಗಾಯ, ಮೊಳೆ, ಒತ್ತಡ. ರಾತ್ರಿ ಇಲಿ ಬಂದು ಬೆರಳು ಕಡಿದರೂ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಅದನ್ನು ಕಂಡುಹಿಡಿದ ಮೇಲೆ ಅವರು ರೋಗಿಗಳಿಗೆ ಒಂದೊಂದು ಬೆಕ್ಕು ಕೊಟ್ಟರು! ಚಪ್ಪಲಿ ಮಾಡುವವರ ಜೊತೆ ಕೂತು, ಸೂಕ್ಷ್ಮ ಗುಳ್ಳೆಗಳಿರುವ ಮೃದು ರಬ್ಬರಿನ ಅಟ್ಟೆಯನ್ನು ರೂಪಿಸಿದರು. ‘ಎಂ.ಸಿ.ಆರ್. ಚಪ್ಪಲಿ’ ಎಂದು ಇಂದು ನಮ್ಮ ಊರುಗಳ ಅಂಗಡಿಯಲ್ಲೂ ಸಿಗುವುದರ ಮೂಲ ಇದು. 1966ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ಗೆ ಹೋದ ಬ್ರ್ಯಾಂಡ್, ಸಕ್ಕರೆ ಕಾಯಿಲೆಯವರ ಕಾಲಿನಲ್ಲೂ ಇದೇ ನಾಟಕ ನಡೆಯುತ್ತಿದೆ ಎಂಬುದನ್ನು ಅಲ್ಲಿ ತೋರಿಸಿಕೊಟ್ಟರು.

ನಮಗೆ ಮುಖ್ಯವಾಗುವುದು ಈ ಕೊನೆಯ ಮಾತು. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜು ಮಾಡಿತು. ಆ ಕಾಯಿಲೆ ಹಳೆಯದಾದಂತೆ ದೇಹದ ಅತಿ ಉದ್ದದ ನರಗಳು, ಅಂದರೆ ಸೊಂಟದಿಂದ ಕಾಲ್ಬೆರಳಿನವರೆಗೆ ಇಳಿಯುವಂಥವು, ಮೊದಲು ಕೆಡುತ್ತವೆ. ಆರಂಭ ಬೆರಳ ತುದಿಯಲ್ಲಿ. ಕಾಲುಚೀಲ ಏರಿಸಿದ ಹಾಗೆ ಮೆಲ್ಲಗೆ ಮೇಲೇರುತ್ತದೆ. ಬೆವರೂ ಕಡಿಮೆಯಾಗಿ ಅಂಗಾಲು ಇನ್ನಷ್ಟು ಒಡೆಯುತ್ತದೆ. ಇದು ಶುರುವಾದದ್ದು ಅನೇಕರಿಗೆ ತಿಳಿಯುವುದು ನಮ್ಮದೇ ಆದ ಒಂದು ಬಗೆಯಲ್ಲಿ: ನಡೆಯುತ್ತಿರುವಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದಿರುತ್ತದೆ, ಯಾರೋ ಕೂಗಿ ಹೇಳುವವರೆಗೆ ಗೊತ್ತೇ ಆಗುವುದಿಲ್ಲ. ‘ಅಜ್ಜನಿಗೆ ಮರೆವು’ ಎಂದು ಮನೆಯವರು ನಗುತ್ತಾರೆ.

ಅಂಥ ಕಾಲಿಗೆ ಮೇಲೆ ಹೇಳಿದ ಮನೆಮದ್ದುಗಳೇ ಶತ್ರುಗಳಾಗುತ್ತವೆ. ಬಿಸಿನೀರಿನಲ್ಲಿ ಕಾಲಿಡಬಾರದು, ತೊಳೆಯುವ ನೀರನ್ನೂ ಮೊದಲು ಮೊಣಕೈ ಅದ್ದಿ ನೋಡಬೇಕು. ಚಳಿಗೆಂದು ಒಲೆಯ ಮುಂದೆ ಕಾಲು ಚಾಚುವುದು, ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಬೇಡ. ಸುಶ್ರುತ ಸಂಹಿತೆ ಕಾಲಾಣಿಯನ್ನು ಕೊಯ್ದು ಬಿಸಿ ಎಣ್ಣೆಯಿಂದ ಸುಡಲು ಹೇಳಿತ್ತು. ಈಗ ಬ್ಲೇಡಿನಿಂದ ಕೆತ್ತುವವರು, ಔಷಧದಂಗಡಿಯ ಆಣಿಪಟ್ಟಿ ಅಂಟಿಸಿಕೊಳ್ಳುವವರು ಇದ್ದಾರೆ. ಆ ಪಟ್ಟಿಯಲ್ಲಿರುವುದು ಚರ್ಮ ಕರಗಿಸುವ ಆಮ್ಲ. ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ವಿವೇಕ ಅದಕ್ಕಿಲ್ಲ, ಮರಗಟ್ಟಿದ ಕಾಲಿಗೂ ಇಲ್ಲ. ಉಗುರು ದಪ್ಪಗಿದ್ದು ಕಣ್ಣು ಮಂದವಾಗಿದ್ದರೆ ಬೇರೆಯವರಿಂದ ಕತ್ತರಿಸಿಕೊಳ್ಳುವುದೇ ಸರಿ.

ಬರಿಗಾಲಿನ ಹರಕೆಯ ಮಾತು ಸ್ವಲ್ಪ ಸೂಕ್ಷ್ಮ. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವವರಲ್ಲಿ ಬರಿಗಾಲಿನವರೂ ಇದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆ ಬಿಟ್ಟೇ ಏರಬೇಕು, ಮಧ್ಯಾಹ್ನದ ಬಂಡೆ ಕಾದ ಹೆಂಚಿನಂತಿರುತ್ತದೆ. ಅಲ್ಲಿ ಕಾಲುಚೀಲ ತೊಟ್ಟು ಹತ್ತುವವರನ್ನು ಕಾಣಬಹುದು. ಭಕ್ತಿಗೆ ಅದರಿಂದ ಕುಂದೇನೂ ಬಂದಂತಿಲ್ಲ. ಸ್ಪರ್ಶ ಕಳೆದುಕೊಂಡವರು ಬೆಳಗ್ಗೆ ಬೇಗ, ಕಲ್ಲು ತಣ್ಣಗಿರುವಾಗ, ದಪ್ಪ ಕಾಲುಚೀಲದಲ್ಲಿ ದರ್ಶನ ಮುಗಿಸಿಕೊಂಡು, ಕೆಳಗಿಳಿದ ಕೂಡಲೇ ಅಂಗಾಲು ನೋಡಿಕೊಳ್ಳಬೇಕು. ಮನೆಯೊಳಗೂ ಅವರು ಚಪ್ಪಲಿ ಹಾಕಿಕೊಂಡೇ ಇರಬೇಕಾಗುತ್ತದೆ. ಹೊರಗಿನದಕ್ಕೆ ಬೇರೆ, ಒಳಗಿನದಕ್ಕೆ ಬೇರೆ ಜೊತೆ ಇಟ್ಟರೆ ಮಡಿಯ ಜಗಳ ತಪ್ಪುತ್ತದೆ. ಹೊಸದನ್ನು ಸಂಜೆಯ ಹೊತ್ತು ಕೊಳ್ಳಿ, ಆಗ ಪಾದ ತುಸು ಊದಿರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವಂಥದು ಮೇಲು. ಬೂಟಾದರೆ ಹಾಕುವ ಮುನ್ನ ಬೋರಲು ಹಾಕಿ ಕೊಡವಿ, ಒಳಗೆ ಕೈಯಾಡಿಸಿ ನೋಡಿ.

ನೋವಿಲ್ಲದ ಗುಳ್ಳೆ, ನೋವಿಲ್ಲದ ಹುಣ್ಣು, ಒಂದು ಬೆರಳು ಕಪ್ಪಾಗುವುದು, ಒಂದು ಪಾದ ಮಾತ್ರ ಇನ್ನೊಂದಕ್ಕಿಂತ ಬಿಸಿಯಾಗಿ ಊದಿಕೊಳ್ಳುವುದು, ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿಗಳು. ‘ನೋವೇ ಇಲ್ಲವಲ್ಲ, ಸಂತೆ ಮುಗಿಸಿಕೊಂಡು ಹೋದರಾಯಿತು’ ಎಂದು ಕಳೆದ ವಾರಗಳಲ್ಲೇ ಬೆರಳು ಹೋಗಿ, ಪಾದ ಹೋಗಿ, ಮೊಣಕಾಲಿನವರೆಗೆ ಕತ್ತರಿಸುವ ಮಾತು ಬರುವುದು. ಬೀಡಿ ಸಿಗರೇಟು ಸೇದುವವರಲ್ಲಿ ಕಾಲಿಗೆ ಇಳಿಯುವ ರಕ್ತನಾಳಗಳೂ ಕಿರಿದಾಗಿರುವುದರಿಂದ ಗಾಯ ಮಾಯುವುದು ಇನ್ನೂ ಕಷ್ಟ.

ಸ್ಪರ್ಶ ಉಳಿದಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಬಳಸುತ್ತಾರೆ. ಮನೆಯಲ್ಲಿ ಬೆರಳೇ ಸಾಕು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ವಿಧಾನ ಇದು. ಹಿರಿಯರು ಕಾಲುಚೀಲ ಬಿಚ್ಚಿ, ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ತೋರುಬೆರಳಿನಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು, ಎರಡೂ ಕಾಲಿನಲ್ಲಿ, ಹಿಂದುಮುಂದಾಗಿ ಒಂದೊಂದಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು, ಗರಿ ತಾಗಿದಂತೆ ಒಂದೆರಡು ಸೆಕೆಂಡು ಅಷ್ಟೆ. ಮುಟ್ಟಿದ್ದು ಗೊತ್ತಾದ ಕೂಡಲೇ ಅವರು ‘ಎಡ’ ‘ಬಲ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಉತ್ತರ ಬಾರದಿದ್ದರೆ ಸ್ಪರ್ಶ ಕುಂದಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ರಾತ್ರಿ ಅಜ್ಜ ಅಜ್ಜಿಯರ ಕಾಲೊತ್ತುವ ಮೊಮ್ಮಕ್ಕಳು ಇರುವ ಮನೆಗಳಲ್ಲಿ ಇದಕ್ಕೆ ಬೇರೆ ಹೊತ್ತು ಹುಡುಕಬೇಕಿಲ್ಲ. ಒತ್ತುವ ಮುಂಚೆ ಆರು ಬೆರಳು ಮುಟ್ಟಿ, ದೀಪದ ಬೆಳಕಿಗೆ ಅಂಗಾಲನ್ನು ತಿರುಗಿಸಿ ನೋಡಿದರೆ ಆಯಿತು. ಒಬ್ಬರೇ ಇರುವವರು ಒಂದು ಕೈಗನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಪಾದ ಎತ್ತಿ ಹಿಡಿಯಬಹುದು. ಹಿಮ್ಮಡಿಯ ಹಿಂಭಾಗ ಅದರಲ್ಲೂ ಸರಿಯಾಗಿ ಕಾಣುವುದಿಲ್ಲ; ಅಲ್ಲಿಗೆ ಕೈಯಾಡಿಸಿ, ತೇವ ತಾಗಿದರೆ ಬೆರಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡಬೇಕು.